ಭರವಸೆಗೆ ಖಾತರಿಪತ್ರವಿಲ್ಲ

"ಫಾದರ್, ಎಲ್ಲವೂ ಸರಿಹೋಗುವುದೇ?" ಆಸ್ಪತ್ರೆಯ ವರಾಂಡದಲ್ಲಿ, ಪರದೇಶದಲ್ಲಿ ಮಗ ಕೆಲಸ ಕಳೆದುಕೊಂಡ ಸುದ್ದಿ ಬಂದ ಮನೆಯಲ್ಲಿ, ಧರ್ಮಗುರುವಾದವನು ಮೇಲಿಂದ ಮೇಲೆ ಎದುರಿಸುವ ಪ್ರಶ್ನೆಯಿದು. ಹೌದೆಂದುಬಿಡುವುದು ಸುಲಭ. ಆದರೆ ನಾಳಿನದು ಕೇಳುವವರಿಗೆ ತಿಳಿಯದಂತೆ ನಮಗೂ ತಿಳಿಯದು. ತಿಳಿಯದುದನ್ನು ದೇವರ ಹೆಸರಿನಲ್ಲಿ ವಾಗ್ದಾನ ಮಾಡಿದರೆ, ಅದು ಹುಸಿಯಾದ ದಿನ ಆ ಮನೆಯವರ ವಿಶ್ವಾಸವೇ ಕುಸಿದೀತು.

ಭರವಸೆಯ ಗುರಿ ಒಳಿತಾಗಿರಬೇಕು, ಇನ್ನೂ ಕೈಗೂಡದ್ದಾಗಿರಬೇಕು, ಪ್ರಯಾಸಕರವಾಗಿರಬೇಕು, ಆದರೂ ಸಾಧ್ಯವಾಗಿರಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ವಿವೇಚಿಸಿದರು. ಪ್ರಯಾಸವನ್ನು ಮರೆತಲ್ಲಿ ಭ್ರಮೆ ಹುಟ್ಟುತ್ತದೆ. ಸಾಧ್ಯತೆಯನ್ನು ಮರೆತಲ್ಲಿ ಹತಾಶೆ. ಕ್ರೈಸ್ತನಿಗೆ ಆ ಪರಮ ಒಳಿತು ದೇವರೇ. ಅದನ್ನು ಸೇರುವುದು ಸಾಧ್ಯವಾಗುವುದೂ ಅವರ ನೆರವಿನಿಂದಲೇ. ಕೆಲಸ, ಆರೋಗ್ಯಗಳಿಗಾಗಿ ನಾವು ಅವಶ್ಯ ಪ್ರಾರ್ಥಿಸೋಣ. ಆದರೆ ಭರವಸೆಯ ಬುಡವನ್ನು ಅವುಗಳ ಮೇಲೆ ಊರದಿರೋಣ.

ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ವಾನ್ ಥುವಾನರು 1975ರ ಆಗಸ್ಟ್ 15ರಂದು ಬಂಧಿತರಾದರು. ವಿಚಾರಣೆಯೇ ಇಲ್ಲದೆ 13 ವರ್ಷಗಳ ಸೆರೆ. ಅದರಲ್ಲಿ 9 ವರ್ಷ ಏಕಾಂತವಾಸ. ಬಿಡುಗಡೆಯ ದಿನವನ್ನೇ ಕಾಯುತ್ತಾ ಕೂರದೆ, ಕೈಯಲ್ಲಿರುವ ಕ್ಷಣವನ್ನು ಪ್ರೀತಿಯಿಂದ ತುಂಬಲು ಅವರು ನಿಶ್ಚಯಿಸಿದರು. ಹೊಟ್ಟೆಯ ಔಷಧಿಯೆಂಬ ಹೆಸರಿನಲ್ಲಿ ಹೊರಗಿನಿಂದ ದ್ರಾಕ್ಷಾರಸ ಬಂತು. ಅದರ ಮೂರು ಹನಿ, ಒಂದು ಹನಿ ನೀರು, ಅಂಗೈಯೇ ಪಾನಪಾತ್ರೆ. ಹೀಗೆ ಬಲಿಪೂಜೆ ಅರ್ಪಿಸಿದರು. ಬಿಡುಗಡೆಯಾದದ್ದು 1988ರ ನವೆಂಬರ್ 21ರಂದು. ಆ ದಿನಾಂಕ ಅವರಿಗೆ ಸೆರೆಯಲ್ಲಿ ತಿಳಿದಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಒಂದು ವೇಳೆ ಬಿಡುಗಡೆಯಾಗದಿದ್ದರೂ ಆ ಬಲಿಪೂಜೆ ವ್ಯರ್ಥವಾಗುತ್ತಿರಲಿಲ್ಲ. ಪೋಪ್ ಹದಿನಾರನೆಯ ಬೆನೆಡಿಕ್ಟರು ಭರವಸೆಯನ್ನು ಕುರಿತ ತಮ್ಮ 2007ರ ವಿಶ್ವಪತ್ರದಲ್ಲಿ ಇವರನ್ನು ಸ್ಮರಿಸಿದ್ದು ಸಹಜವೇ ಆಗಿದೆ.

ಪ್ರಭು ಯೇಸುವಿಗೂ ಗೆತ್ಸೆಮನಿಯಲ್ಲಿ ಶಿಲುಬೆ ತಪ್ಪಲಿಲ್ಲ. ಪುನರುತ್ಥಾನದ ಬೆಳಗು ಶುಭಶುಕ್ರವಾರವನ್ನು ಹಾದೇ ಬಂದಿತು.

ಹಾಗಾದರೆ ಆ ತಾಯಿಗೆ ಏನೆನ್ನೋಣ? "ಅಮ್ಮಾ, ಮುಂದಿನದು ನಮಗೆ ಗೊತ್ತಿಲ್ಲ; ಆದರೆ ದೇವರು ನಿಮ್ಮನ್ನು ಕೈಬಿಡುವುದಿಲ್ಲ, ನಾವೂ ಬಿಡುವುದಿಲ್ಲ" ಎನ್ನೋಣ. ಈ ಮಾತಿನ ಎರಡನೆಯ ಭಾಗವನ್ನು ನಿಜವಾಗಿಸುವ ಹೊಣೆ ಧರ್ಮಕೇಂದ್ರದ ಪ್ರತಿಯೊಬ್ಬರದು. ಭಾನುವಾರದ ಪೂಜೆ ಮುಗಿಸಿ ಹಿಂದಿರುಗುವಾಗ, ಅಂಥ ಒಂದು ಮನೆಯ ಬಾಗಿಲನ್ನು ನಾವು ತಟ್ಟಬಾರದೇಕೆ?