ಕಲ್ಲುಮನೆಗೂ ಮೈಲಿಗೆಯೇ?

ಹಿರೇಬೆಣಕಲ್ಲಿನ ಗುಡ್ಡಕ್ಕೆ ಹುಡುಗರು ಹೋಗಬಹುದು, ಹುಡುಗಿಯರು ಹೋಗಬಾರದು ಎಂಬ ಮಾತನ್ನು ನಾನು ಒಪ್ಪುವವಳಲ್ಲ. ನಮ್ಮ ಹೊಂಬಳದ ಕಡೆಯ ಶಾಲೆಯೊಂದರಲ್ಲಿ ಪ್ರವಾಸದ ಮಾತು ಬಂದಾಗ ನಾಲ್ಕಾರು ತಾಯಂದಿರು, ‘ಹೆಣಾ ಹುಗದ ಜಾಗಕ್ಕ ಹುಡುಗ್ಯಾರನ್ನ ಯಾಕ ಕರಕೊಂಡು ಹೊಂಟೀರಿ ಅಕ್ಕೋರ?’ ಎಂದು ನನ್ನನ್ನೇ ಕೇಳಿದರು. ಹುಡುಗಿಯರ ಹೆಸರಿನ ಮೇಲೆ ಗೆರೆ ಬಿತ್ತು. ಬಸ್ಸು ಹುಡುಗರನ್ನು ಮಾತ್ರ ಹೊತ್ತು ಹೊರಟಿತು.

ಅದೇ ತಾಯಂದಿರು ವಿಜಯಪುರದ ಗೋಲಗುಮ್ಮಟಕ್ಕಾದರೆ ಮಗಳಿಗೆ ಬುತ್ತಿ ಕಟ್ಟಿ ಕಳಿಸುತ್ತಾರೆ. ಅದೇನು ಅರಮನೆಯೆ? 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ. ಮೇಲೆ ಕಾಣುವುದು ಬರೀ ಗುರುತು. ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಹುಡುಗಿಯರು ಅಲ್ಲಿ ಕೂಗಿ, ಮಾರ್ದನಿ ಕೇಳಿ, ನಕ್ಕು ಬರುತ್ತಾರೆ. ಮನೆಗೆ ಬಂದವರಿಗೆ ಯಾರೂ ತಲೆಯ ಮೇಲೆ ನೀರು ಹಾಕುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಗದ್ದುಗೆಗೆ ಹಣೆ ಹಚ್ಚಿ ಬರುವವರೂ ನಾವೇ. ರಾಜನ ಗೋರಿಗೆ, ಗುರುವಿನ ಗದ್ದುಗೆಗೆ ಇಲ್ಲದ ಮೈಲಿಗೆ ಹೆಸರಿಲ್ಲದವರ ಕಲ್ಲುಮನೆಗೆ ಮಾತ್ರ ಎಲ್ಲಿಂದ ಬಂತು?

ಕಲ್ಲುಮನೆ ಎಂದದ್ದು ಸುಮ್ಮನಲ್ಲ. ಗಂಗಾವತಿ ಹತ್ತಿರದ ಆ ಗುಡ್ಡದಲ್ಲಿ ಸುಮಾರು 400 ಶಿಲಾಸಮಾಧಿಗಳಿವೆ. ಕ್ರಿ.ಪೂ. 800ರಿಂದ 200ರ ನಡುವಿನವು ಎನ್ನುತ್ತಾರೆ ಬಲ್ಲವರು. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಗೋಡೆಗೊಂದು ಗುಂಡನೆಯ ಕಿಂಡಿ ಕೊರೆದಿದ್ದಾರೆ. ಕೆಲವು ಅರ್ಧ ನೆಲದಲ್ಲಿ ಹೂತಿವೆ. ಸುತ್ತಲಿನ ಜನ ಇವನ್ನು ಗೋರಿ ಎನ್ನದೆ ಮೋರೇರೆಂಬ ಗಿಡ್ಡ ಜನರ ಮನೆ ಎಂದೇ ಹೇಳುತ್ತ ಬಂದಿದ್ದಾರೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಂತೂ ಇಂಥ ಕಲ್ಲುಕೋಣೆಗಳು ನೆಲದೊಳಗೇ ಇದ್ದವು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಅವುಗಳಲ್ಲಿ ಮಡಿಕೆ, ಕಬ್ಬಿಣದ ಆಯುಧ, ಹಲವರ ಎಲುಬು ಸಿಕ್ಕವು. ಅದಕ್ಕೂ ಹಿಂದಿನ ಕಾಲದ ಪದರಿನಲ್ಲಿ ಹಸುಗೂಸುಗಳನ್ನು ಮಡಿಕೆಯಲ್ಲಿಟ್ಟು ಹುಗಿದದ್ದು ಕಂಡಿತು. ಆ ಮಡಿಕೆಯ ಅರ್ಥವನ್ನು ಹೆತ್ತವಳಿಗೆ ಬಿಡಿಸಿ ಹೇಳಬೇಕೆ? ಇತಿಹಾಸವೆಂದರೆ ರಾಜರ ಯುದ್ಧವೆಂದು ಬಾಯಿಪಾಠ ಮಾಡುವ ಹುಡುಗಿಗೆ, ಕೂಸು ಕಳೆದುಕೊಂಡ ಮನೆಯೂ ಇತಿಹಾಸವೇ ಎಂದು ತಿಳಿಯುವುದು ಇಂಥ ಕಡೆ. ಅವಳನ್ನೇ ಹೊರಗಿಟ್ಟರೆ ಹೇಗೆ?

‘ಏರು ದಾರಿ, ನೆರಳಿಲ್ಲ’ ಎನ್ನುತ್ತೀರಿ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಕಾಲುಗಳಿಗೆ ಇದೇನು ಮಹಾ? ಚಳಿಗಾಲದಲ್ಲಿ ಹೋಗಲಿ, ನೀರು ಒಯ್ಯಲಿ, ಇಬ್ಬರು ಅಕ್ಕೋರು ಜೊತೆಗಿರಲಿ. ಆ ಸಮಾಧಿಗಳನ್ನು ನಿಧಿಯಾಸೆಗೆ ಅಗೆದು ಕೆಡಿಸಿದವರಿಗೆ ಮೈಲಿಗೆ ಅಡ್ಡ ಬರಲಿಲ್ಲ. ನೋಡಿ ಕಲಿಯುವವರಿಗೆ ಮಾತ್ರ ಅಡ್ಡ ಬರಬೇಕೆ? 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಜಾಗವದು. ದೂರದ ದೇಶದವರು ಹುಡುಕಿಕೊಂಡು ಬರುವಾಗ ನಮ್ಮ ಹುಡುಗಿಯರು ಮನೆಯಲ್ಲಿ ಕೂಡುವುದು ಯಾವ ನ್ಯಾಯ?

ಮುಂದಿನ ಸಲ ಶಾಲೆಯಿಂದ ಒಪ್ಪಿಗೆಯ ಕಾಗದ ಬಂದರೆ, ಮಗನಿಗೆ ಹಾಕುವ ಸಹಿಯನ್ನು ಮಗಳಿಗೂ ಹಾಕಿರಿ.