ಚೂರಿ ತಿದ್ದಿದ ಅಂಕಪಟ್ಟಿ

ಸ್ಟೆಫಿ ಗ್ರಾಫ್ 22, ಮೋನಿಕಾ ಸೆಲೆಸ್ 9. ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿಗಳ ಈ ಎರಡು ಸಂಖ್ಯೆಗಳನ್ನು ಮುಂದಿಟ್ಟು, ‘ಇನ್ನು ಹೋಲಿಕೆಗೆ ಎಡೆಯೆಲ್ಲಿ?’ ಎಂದು ಕೇಳುವವರಿದ್ದಾರೆ. ಟೆನಿಸ್ ಪ್ರಿಯರಾದ ನನ್ನ ಶಿಷ್ಯರಲ್ಲಿಯೂ ಇಂಥವರುಂಟು. ಅವರ ಲೆಕ್ಕ ಸರಿಯಾಗಿದೆ. ತೀರ್ಪು ಮಾತ್ರ ಸರಿಯಿಲ್ಲ ಎಂಬುದು ನನ್ನ ತಕರಾರು.

1993ರ ಏಪ್ರಿಲ್ 30. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕ್ವಾರ್ಟರ್ ಫೈನಲ್ ಪಂದ್ಯ. ಮಗ್ಡಲೆನಾ ಮಲೀವಾ ವಿರುದ್ಧ 6–4, 4–3ರಿಂದ ಮುಂದಿದ್ದ ಸೆಲೆಸ್ ವಿರಾಮದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು. ಹಿಂದಿನಿಂದ ಬಂದ ಗುಂಟರ್ ಪಾರ್ಷೆ ಎಂಬಾತ ಆಕೆಯ ಬೆನ್ನಿಗೆ ಚೂರಿ ಹಾಕಿದ. ಆತ ಸ್ಟೆಫಿಯ ಅಭಿಮಾನಿ. ಸ್ಟೆಫಿ ಮತ್ತೆ ಅಗ್ರಸ್ಥಾನಕ್ಕೆ ಬರಬೇಕೆಂಬುದೇ ಅವನ ಉದ್ದೇಶ. ನ್ಯಾಯಾಲಯ ಅವನಿಗೆ ಎರಡು ವರ್ಷಗಳ ಶಿಕ್ಷೆ ವಿಧಿಸಿ, ಅದನ್ನೂ ಅಮಾನತ್ತಿನಲ್ಲಿಟ್ಟಿತು.

ಆಗ ಸೆಲೆಸ್‌ಗೆ 19 ವರ್ಷ. 1991ರ ಜನವರಿಯಿಂದ 1993ರ ಜನವರಿಯವರೆಗೆ ನಡೆದ ಒಂಬತ್ತು ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ ಆಕೆ ಗೆದ್ದದ್ದು ಏಳು. ಉಳಿದೆರಡು, ವಿಂಬಲ್ಡನ್ ಎರಡೂ, ಸ್ಟೆಫಿಯವು. ಅಲ್ಲಿಯವರೆಗೆ ಇವರಿಬ್ಬರೇ ಎದುರಾದ ನಾಲ್ಕು ಗ್ರ್ಯಾಂಡ್ ಸ್ಲ್ಯಾಮ್ ಫೈನಲ್‌ಗಳಲ್ಲಿ ಮೂರು ಸೆಲೆಸ್ ಪಾಲಾಗಿದ್ದವು.

ಮೈಯ ಗಾಯ ಕೆಲವು ವಾರಗಳಲ್ಲಿ ಮಾಯಿತು, ಮನಸ್ಸಿನದು ಮಾಯಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ, ಹತ್ತು ಗ್ರ್ಯಾಂಡ್ ಸ್ಲ್ಯಾಮ್‌ಗಳ ಉದ್ದಕ್ಕೂ, ಆಕೆ ಅಂಕಣಕ್ಕೆ ಇಳಿಯಲಿಲ್ಲ. ಆ ಹತ್ತರಲ್ಲಿ ಆರು ಸ್ಟೆಫಿಗೆ ಸಂದವು. 1995ರ ಆಗಸ್ಟ್‌ನಲ್ಲಿ ಮರಳಿ ಬಂದ ಸೆಲೆಸ್ 1996ರ ಆಸ್ಟ್ರೇಲಿಯನ್ ಓಪನ್ ಗೆದ್ದಳು. ಅದೇ ಆಕೆಯ ಕೊನೆಯ ಗ್ರ್ಯಾಂಡ್ ಸ್ಲ್ಯಾಮ್. ಜರ್ಮನಿಯಲ್ಲಿ ಆಕೆ ಮತ್ತೆಂದೂ ಆಡಲಿಲ್ಲ.

ಇನ್ನೊಂದು ಪಕ್ಷದವರ ಮಾತನ್ನೂ ನಾನು ಒಪ್ಪಲಾರೆ. ‘ಸ್ಟೆಫಿಯ ಪ್ರಶಸ್ತಿಗಳೆಲ್ಲ ಚೂರಿಯ ದಾನ’ ಎನ್ನುವವರು ಇತಿಹಾಸ ಓದಿದವರಲ್ಲ. 22ರಲ್ಲಿ 11 ಪ್ರಶಸ್ತಿಗಳು ಆ ದುರ್ಘಟನೆಗೆ ಮೊದಲೇ ಬಂದವು. 1988ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್‌ಗಳನ್ನು, ಸೋಲ್ ಒಲಿಂಪಿಕ್ಸ್‌ನ ಚಿನ್ನವನ್ನೂ ಒಂದೇ ವರ್ಷದಲ್ಲಿ ಗೆದ್ದವಳು ಆಕೆ. ಹುಚ್ಚು ಅಭಿಮಾನಿಯೊಬ್ಬನ ಪಾಪವನ್ನು ಆಕೆಯ ತಲೆಗೆ ಕಟ್ಟುವುದು ಅನ್ಯಾಯ.

ಮೂರು ತಾಸಿನ ಪರೀಕ್ಷೆಯ ನಡುವೆ ಒಬ್ಬ ವಿದ್ಯಾರ್ಥಿನಿಯ ಉತ್ತರಪತ್ರಿಕೆಯನ್ನು ಯಾರೋ ಕಿತ್ತೊಯ್ದರೆ, ಆಕೆ ಅಲ್ಲಿಯವರೆಗೆ ಬರೆದದ್ದನ್ನು ಪೂರ್ಣ ಬರೆದವಳ ಉತ್ತರದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೆ? ಯಾವ ಉಪಾಧ್ಯಾಯನೂ ಹಾಗೆ ಮಾಡಲಾರ. ಮತ್ತೊಬ್ಬಳ ಅಂಕಗಳನ್ನು ಕಸಿಯಲೂ ಆರ. ಆದರೆ ಮೊದಲ ಸ್ಥಾನ ಯಾರದೆಂದು ಘೋಷಿಸುವ ಮುನ್ನ ಪರೀಕ್ಷೆಯೇ ಕೆಟ್ಟಿತೆಂದು ಹೇಳುವ ಪ್ರಾಮಾಣಿಕತೆ ಅವನಿಗೆ ಬೇಕು.

ಪಾರ್ಷೆ ಬಯಸಿದ್ದೂ ಅದನ್ನೇ ಅಲ್ಲವೆ? ಎಣಿಕೆಯಲ್ಲಿ ಸ್ಟೆಫಿ ಮೇಲಾಗಬೇಕು, ಸೆಲೆಸ್ ಕೆಳಗಾಗಬೇಕು. 22–9 ಎಂದಷ್ಟೇ ಹೇಳಿ ಸುಮ್ಮನಾಗುವವರು, ತಿಳಿದೋ ತಿಳಿಯದೆಯೋ, ಅವನ ಕೆಲಸವನ್ನೇ ಪೂರ್ತಿಗೊಳಿಸುತ್ತಾರೆ. ಮಿತ್ರರೇ, ಆ ಎರಡು ಸಂಖ್ಯೆಗಳನ್ನು ಬರೆಯುವಾಗ ಪಕ್ಕದಲ್ಲಿ 1993ರ ಏಪ್ರಿಲ್ 30 ಎಂಬ ದಿನಾಂಕವನ್ನೂ ಬರೆಯಿರಿ. ಅದಿಲ್ಲದೆ ಈ ಇಬ್ಬರ ಹೋಲಿಕೆ ಪೂರ್ಣವಾಗದು.