ಕಾನು ಅಳಿದ ಮೇಲೆ ಕಾನಿನ ದೇವರು ಎಲ್ಲಿ?

ಮಲೆನಾಡಿನ ಹಲವು ಊರುಗಳಲ್ಲಿ ಈಚೆಗೆ ಒಂದೇ ಬಗೆಯ ದೃಶ್ಯ ಕಾಣಸಿಗುತ್ತಿದೆ. ಊರಂಚಿನ ಕಾನಿನೊಳಗೆ, ಮರದ ಬುಡದಲ್ಲಿ, ತಲೆಮಾರುಗಳಿಂದ ಮಳೆಗೆ ನೆನೆದು ಹಾವಸೆ ಹೊದ್ದು ನಿಂತಿದ್ದ ಚೌಡಿಯ ಕಲ್ಲಿಗೆ ಜೀರ್ಣೋದ್ಧಾರದ ಯೋಗ ಒದಗುತ್ತದೆ. ಸಮಿತಿ ರಚನೆಯಾಗುತ್ತದೆ, ರಸೀದಿ ಪುಸ್ತಕ ಅಚ್ಚಾಗುತ್ತದೆ. ಜಲ್ಲಿ, ಸಿಮೆಂಟು ಸಾಗಿಸಲು ಜೆಸಿಬಿ ಯಂತ್ರವು ಕಾನನ್ನು ಸೀಳಿ ದಾರಿ ಮಾಡುತ್ತದೆ. ಗರ್ಭಗುಡಿ, ಅದರ ಮುಂದೆ ತಗಡಿನ ಚಪ್ಪರ, ಸುತ್ತ ಸಿಮೆಂಟಿನ ಅಂಗಳ, ವಾಹನ ನಿಲ್ಲಿಸಲು ಒಂದಿಷ್ಟು ಬಯಲು ಸಿದ್ಧವಾಗುತ್ತವೆ. ಗಾಳಿಮಳೆಗೆ ಗುಡಿಯ ಮೇಲೆ ಬಿದ್ದಾವೆಂಬ ಭಯದಿಂದ ಅಕ್ಕಪಕ್ಕದ ಹೆಮ್ಮರಗಳು ಧರೆಗುರುಳುತ್ತವೆ. ಹಳೆಯ ಕಲ್ಲು ಹೊಳೆ ಸೇರಿ, ಅದರ ಜಾಗದಲ್ಲಿ ಪೇಟೆಯಿಂದ ಕೆತ್ತಿಸಿ ತಂದ ಹೊಸ ವಿಗ್ರಹ ಪ್ರತಿಷ್ಠಾಪನೆಗೊಳ್ಳುತ್ತದೆ. ಇದೆಲ್ಲವೂ ಭಕ್ತಿಯಿಂದಲೇ ನಡೆಯುವ ಕಾರ್ಯ. ಕೇಡು ಬಗೆಯುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೆ ಆ ಒಂದು ಬೇಸಿಗೆಯಲ್ಲಿ ಊರು ಗಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು ಎಂಬ ಲೆಕ್ಕವನ್ನು ಯಾವ ಸಮಿತಿಯ ಜಮಾ ಖರ್ಚಿನಲ್ಲಿಯೂ ಬರೆದಿಡುವುದಿಲ್ಲ.

ಸಾಂಸ್ಕೃತಿಕ ಪರಂಪರೆ ಎಂದೊಡನೆ ಕನ್ನಡಿಗರ ಮನಸ್ಸು ಕಲ್ಲಿನ ಕಡೆಗೆ ಹೊರಳುತ್ತದೆ. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಪರಂಪರೆಯೆಂದರೆ ಅರಸರು ಕಟ್ಟಿಸಿದ್ದು, ಶಿಲ್ಪಿಗಳು ಕಡೆದದ್ದು ಮಾತ್ರವೆಂಬ ಭಾವನೆ ಬಲಿತರೆ, ಮಲೆನಾಡಿನ ಜನರು ನೂರಾರು ವರ್ಷಗಳಿಂದ ಕಾಪಾಡಿಕೊಂಡು ಬಂದ ಬಹುದೊಡ್ಡ ಆಸ್ತಿಯೊಂದು ಲೆಕ್ಕದಿಂದಲೇ ಹೊರಗುಳಿಯುತ್ತದೆ. ಆ ಆಸ್ತಿಯೇ ಕಾನು. ಅದಕ್ಕೆ ಶಾಸನವಿಲ್ಲ, ಗೋಪುರವಿಲ್ಲ, ಕಟ್ಟಿಸಿದವರ ಹೆಸರೂ ಇಲ್ಲ. ಹಾಗಿದ್ದರೂ ಅದು ಮನುಷ್ಯರು ಯೋಚಿಸಿ ಉಳಿಸಿದ ಸ್ಮಾರಕ. ಬೆಳೆಯುತ್ತಲೇ ಇರುವ ಸ್ಮಾರಕ.

ಕಾನು ಎಂದರೆ ಬರಿಯ ಕಾಡಲ್ಲ. ಮಲೆನಾಡಿನ ರೈತನಿಗೆ ಗದ್ದೆ, ತೋಟ, ಸೊಪ್ಪಿನಬೆಟ್ಟ, ಬ್ಯಾಣ, ಕಾನು ಇವೆಲ್ಲ ಬೇರೆ ಬೇರೆ. ಸೊಪ್ಪಿನಬೆಟ್ಟದ ಮರಗಳನ್ನು ತೋಟದ ಗೊಬ್ಬರಕ್ಕಾಗಿ ಸವರುವುದುಂಟು, ಬ್ಯಾಣದಲ್ಲಿ ಹುಲ್ಲು ಕೊಯ್ಯುವುದುಂಟು. ಕಾನಿನ ಹಸಿಮರಕ್ಕೆ ಮಾತ್ರ ಕೊಡಲಿ ತಾಗಿಸುವಂತಿರಲಿಲ್ಲ. ಅಲ್ಲಿಂದ ಕಾಳುಮೆಣಸು, ಜೇನು, ಉಪ್ಪಾಗೆ, ರಾಮಪತ್ರೆ, ದಾಲ್ಚಿನ್ನಿ, ಬೈನೆ ಇವುಗಳನ್ನು ಪಡೆಯಬಹುದಿತ್ತು; ಮರದ ಮೇಲೆ ಹಕ್ಕು ದೇವರದ್ದು. ಚೌಡಿ, ಭೂತಪ್ಪ, ಜಟಕ, ಹುಲಿದೇವರು ಇವರೆಲ್ಲ ಕಾನಿನ ಒಡೆಯರು. ನಿತ್ಯಹರಿದ್ವರ್ಣದ ಕಾಡು ಸಹಜವಾಗಿ ಇರಬಹುದಾದ ಘಟ್ಟದ ನೆತ್ತಿಯಿಂದ ದೂರದಲ್ಲಿ, ಮಳೆ ಕಡಮೆಯಾಗುತ್ತ ಹೋಗುವ ಸೊರಬದಂಥ ಸೀಮೆಯಲ್ಲಿಯೂ ದಟ್ಟ ಹಸಿರಿನ ದ್ವೀಪಗಳು ಉಳಿದದ್ದು ಈ ಕಟ್ಟಳೆಯ ಬಲದಿಂದ.

ಇದು ಹಳೆಯದನ್ನು ಹೊಗಳುವವರ ಕಲ್ಪನೆಯಲ್ಲ. ಭಾರತದ ಮೊದಲ ಅರಣ್ಯ ಮಹಾ ನಿರೀಕ್ಷಕರಾಗಿದ್ದ ಡೈಟ್ರಿಶ್ ಬ್ರಾಂಡಿಸ್ ಅವರು ಗ್ರಾಂಟ್ ಎಂಬ ಅಧಿಕಾರಿಯೊಡನೆ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗೆಗೇ ಒಂದು ವರದಿ ಸಿದ್ಧಪಡಿಸಿದರು. ಆ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳು, ಒಟ್ಟು ಸುಮಾರು 13,000 ಹೆಕ್ಟೇರ್ ವಿಸ್ತಾರದಲ್ಲಿ ಇದ್ದವೆಂದು ಅದರಿಂದ ತಿಳಿದುಬರುತ್ತದೆ. ಶತಮಾನಕ್ಕೂ ಮಿಕ್ಕಿದ ಕಾಲ ಕಳೆದ ಮೇಲೆ ಎಂ.ಡಿ. ಸುಭಾಷ್ ಚಂದ್ರನ್, ಮಾಧವ ಗಾಡ್ಗೀಳ್ ಮೊದಲಾದ ವಿಜ್ಞಾನಿಗಳು ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಕಾನುಗಳನ್ನು ಮರಳಿ ಅಧ್ಯಯನ ಮಾಡಿ, ವಸಾಹತುಶಾಹಿ ಅರಣ್ಯ ಇಲಾಖೆ ಹುಟ್ಟುವುದಕ್ಕೆ ಬಹಳ ಮೊದಲೇ ಇಲ್ಲಿ ಒಂದು ಸಂರಕ್ಷಣಾ ಪದ್ಧತಿ ಜೀವಂತವಾಗಿತ್ತೆಂದು ತೋರಿಸಿಕೊಟ್ಟರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿ ನೆಲದಲ್ಲಿ, ಕಾಡುಜಾಯಿಕಾಯಿಯ ಮರಗಳ ನಡುವೆ, ವಿಜ್ಞಾನಕ್ಕೆ ಅದುವರೆಗೆ ಗೊತ್ತೇ ಇರದಿದ್ದ ಗೇರಿನ ಕುಟುಂಬದ ಮರವೊಂದು ಪತ್ತೆಯಾಯಿತು. 2000ನೇ ಇಸವಿಯಲ್ಲಿ ಅದಕ್ಕೆ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಕಾನಿನ ಹೆಸರನ್ನೇ ಇಡಲಾಯಿತು. ಊರವರ ಭಯಭಕ್ತಿ ಕಾದಿಟ್ಟುದನ್ನು ಸಸ್ಯವಿಜ್ಞಾನ ಬಹಳ ತಡವಾಗಿ ಕಂಡಿತೆಂದು ಇದರರ್ಥ.

ಕೃಷಿಯ ದೃಷ್ಟಿಯಿಂದ ನೋಡಿದರೆ ಕಾನಿನ ಬೆಲೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆ ಸೀಮೆಯ ಮೆಣಸಿಗೆ ನೆಳಲು ಕೊಟ್ಟದ್ದು ತೋಟದಷ್ಟೇ ಕಾನು ಕೂಡ. ಮಲ್ಲಿಗೇಸರ, ದೊಡ್ಡಿಗ, ಉದ್ದಗರೆ ಎಂದು ರೈತರು ಹೆಸರಿಟ್ಟು ಗುರುತಿಸುವ ನಾಡತಳಿಗಳಿಗೆ ಕಾಡುಬಳ್ಳಿಗಳೇ ಮೂಲ. ಆಧುನಿಕ ತಳಿ ಅಭಿವೃದ್ಧಿಯ ಹೆಗ್ಗಳಿಕೆಯೆನಿಸಿದ ಪಣಿಯೂರು–1 ಕೂಡ ಕೇರಳದ ಎರಡು ನಾಡತಳಿಗಳ ಸಂಕರದಿಂದ ಹುಟ್ಟಿದ್ದು. ಸೊರಗು ರೋಗ ಅಡರಿ ಬಳ್ಳಿಗಳು ಸಾಲುಸಾಲಾಗಿ ಒಣಗುವಾಗ ಸಂಶೋಧಕರು ರೋಗನಿರೋಧಕ ಗುಣವನ್ನು ಅರಸಬೇಕಾದುದು ಇಂಥ ವೈವಿಧ್ಯದಲ್ಲಿಯೇ. ಇದರ ಜೊತೆಗೆ ನೀರಿನ ಮಾತೂ ಇದೆ. ಎಲೆ ಕೊಳೆತು ಮೆತ್ತಗಾದ ಕಾನಿನ ನೆಲ ಮಳೆಯ ನೀರನ್ನು ತಡೆದು, ಹೀರಿ, ನಿಧಾನವಾಗಿ ಕೆಳಗಿನ ತೋಟಕ್ಕೂ ಗದ್ದೆಗೂ ಬಿಟ್ಟುಕೊಡುತ್ತದೆ. ಜಲದ ಕಣ್ಣು ಇರುವಲ್ಲಿಯೇ ಹಿರಿಯರು ದೇವರನ್ನು ಕೂರಿಸಿದ್ದು ಕಾಕತಾಳೀಯವಾಗಿರಲಾರದು.

ಹೀಗೆ ಕಾನಿನಲ್ಲಿ ಕಲ್ಲು, ಮರ, ನೀರು, ಕಥೆ, ಕಟ್ಟಳೆ ಐದೂ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಉಳಿದವು ಸಡಿಲಾಗುತ್ತವೆ. ಆದರೆ ಅಧ್ಯಯನ ಮಾಡುವವರೂ ಆಳುವವರೂ ಇವನ್ನು ಬಿಡಿಬಿಡಿಯಾಗಿ ಹಂಚಿಕೊಂಡಿದ್ದಾರೆ. ಕಾನಿನ ವೀರಗಲ್ಲು, ಮಾಸ್ತಿಕಲ್ಲು ಪುರಾತತ್ವದವರಿಗೆ; ಮರ ಅರಣ್ಯ ಇಲಾಖೆಗೆ; ಗುಡಿ ಧಾರ್ಮಿಕ ದತ್ತಿಗೆ; ನೆಲ ಹಲವೆಡೆ ಕಂದಾಯಕ್ಕೆ; ಹಾಡು, ಕಥೆ ಜಾನಪದ ವಿದ್ವಾಂಸರಿಗೆ. 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯಿದೆಯಾಗಲಿ, 1961ರ ರಾಜ್ಯದ ಕಾಯಿದೆಯಾಗಲಿ ಕಟ್ಟಡ, ಶಿಲ್ಪ, ಶಾಸನ, ಅವಶೇಷಗಳನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡವು. ಅರಣ್ಯ ಕಾನೂನುಗಳಿಗೆ ಮರ ಗೊತ್ತು, ಮರವನ್ನು ಕಾದ ನಂಬಿಕೆ ಗೊತ್ತಿಲ್ಲ. ಎಲ್ಲರ ಕೈಯಲ್ಲಿಯೂ ಒಂದೊಂದು ಚೂರು ಇದ್ದು, ಇಡಿಯಾದ ಕಾನು ಮಾತ್ರ ಯಾರ ಕಡತದಲ್ಲಿಯೂ ಇಲ್ಲ.

ಈ ಒಡಕು ಹಳ್ಳಿಯ ಕಡತಗಳಿಗೆ ಮಾತ್ರ ಸೀಮಿತವಾದುದಲ್ಲ. 1972ರ ವಿಶ್ವ ಪರಂಪರೆಯ ಒಡಂಬಡಿಕೆಯೇ ಪರಂಪರೆಯನ್ನು ‘ಸಾಂಸ್ಕೃತಿಕ’, ‘ನೈಸರ್ಗಿಕ’ ಎಂದು ಎರಡು ಮಾಡಿತು. ಈ ವಿಭಜನೆ ಸಾಲದೆಂದು ಮನಗಂಡು 1992ರಲ್ಲಿ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಹೊಸ ವರ್ಗವನ್ನು ಮಾನ್ಯ ಮಾಡಲಾಯಿತು. 1995ರಲ್ಲಿ ಫಿಲಿಪ್ಪೀನ್ಸಿನ ಗುಡ್ಡಗಾಡಿನ ಮೆಟ್ಟಿಲು ಗದ್ದೆಗಳು ಆ ನೆಲೆಯಲ್ಲಿ ಪಟ್ಟಿ ಸೇರಿದವು. ಆದರೂ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು, ಅವುಗಳಲ್ಲಿ ಕರ್ನಾಟಕದ 10, ಪಟ್ಟಿಗೆ ಸೇರಿದ್ದು ಶುದ್ಧ ನೈಸರ್ಗಿಕ ತಾಣಗಳೆಂದು. ಘಟ್ಟದಲ್ಲಿ ಬಾಳಿದ ಜನರ ಸಂಸ್ಕೃತಿಗೆ ಆ ಮನ್ನಣೆಯಲ್ಲಿ ಪಾಲು ದೊರೆಯಲಿಲ್ಲ. ನಾಲ್ಕು ವರ್ಷಗಳ ತರುವಾಯ, 2016ರಲ್ಲಿ, ಸಿಕ್ಕಿಮಿನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನವು ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ನೆಲೆಗಳಲ್ಲಿ ಮನ್ನಣೆ ಪಡೆದ ಭಾರತದ ಮೊದಲ ಮಿಶ್ರ ತಾಣವಾಯಿತು. ಅಲ್ಲಿ ಪರ್ವತದ ಹಿಮದಷ್ಟೇ, ಆ ಪರ್ವತವನ್ನು ಪವಿತ್ರವೆಂದು ಬಗೆದ ಜನರ ನಂಬಿಕೆಯೂ ಪರಂಪರೆಯೆನಿಸಿತು. ಸಿಕ್ಕಿಮಿನ ಬೆಟ್ಟಕ್ಕೆ ಸಲ್ಲುವ ನ್ಯಾಯ ಸಹ್ಯಾದ್ರಿಯ ಕಾನಿಗೆ ಏಕೆ ಸಲ್ಲಬಾರದು?

ಕಾನುಗಳು ಕುಗ್ಗಿದ್ದಕ್ಕೆ ಜೀರ್ಣೋದ್ಧಾರವೊಂದೇ ಕಾರಣವೆಂದರೆ ಅನ್ಯಾಯವಾದೀತು. ಬ್ರಿಟಿಷರ ಕಾಲದಲ್ಲಿ ಕಾನುಗಳ ಮೇಲಿನ ಊರವರ ಅಧಿಕಾರ ಸಡಿಲಗೊಂಡಿತು. ತಮ್ಮದೆಂಬ ಭಾವ ಹೋದ ಮೇಲೆ ಕಾವಲು ಸಹ ಹೋಯಿತು. ಅನಂತರ ಕೈಗಾರಿಕೆಗಳಿಗೆ ಮರ ಹೋಯಿತು, ಅಕೇಶಿಯಾ ನೆಡುತೋಪುಗಳು ಬಂದವು, ಒತ್ತುವರಿ ಬೆಳೆಯಿತು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ನಿಂತದ್ದು ಇಂಥ ನಷ್ಟದ ಎದುರಿನಲ್ಲಿಯೇ. ಕೊಡಗಿನ ದೇವರಕಾಡುಗಳ ಕಥೆಯೂ ಭಿನ್ನವಲ್ಲ. 1905ರಲ್ಲಿ 6,200 ಹೆಕ್ಟೇರಿಗೂ ಮಿಕ್ಕಿದ್ದ ಅವುಗಳ ವಿಸ್ತಾರ 1985ರ ವೇಳೆಗೆ ಸುಮಾರು 2,400 ಹೆಕ್ಟೇರಿಗೆ ಇಳಿದಿತ್ತು. ಆದರೆ ಕೊಡಲಿ ಹೊರಗಿನಿಂದ ಬಂದಾಗ ಊರು ಎದ್ದು ನಿಲ್ಲಬಲ್ಲದು. ದೇವರ ಹೆಸರಿನಲ್ಲಿ, ಊರವರದೇ ಕೈಯಲ್ಲಿ ಬಂದ ಕೊಡಲಿಯನ್ನು ತಡೆಯುವವರು ಯಾರು? ಜೀರ್ಣೋದ್ಧಾರದ ಅಪಾಯ ಇರುವುದು ಇಲ್ಲಿ.

ಅದರಲ್ಲಿ ಇನ್ನೊಂದು ನಷ್ಟವೂ ಅಡಗಿದೆ. ಅನೇಕ ಕಾನಿನ ದೇವರಿಗೆ ಪೂಜೆ ಸಲ್ಲಿಸುತ್ತ ಬಂದವರು ಆಯಾ ಊರಿನ ರೈತಾಪಿ, ಕೂಲಿಕಾರ ಕುಟುಂಬಗಳವರು. ಯಾವ ಮರದಡಿ ಏನು ನಡೆಯಿತು, ಯಾವ ದಿನ ಕಾನು ಹೊಗಬಾರದು, ಯಾವ ಬಳ್ಳಿ ಯಾವ ರೋಗಕ್ಕೆ ಎಂಬ ತಿಳಿವಳಿಕೆ ಅವರ ಬಾಯಲ್ಲಿದೆ. ಕಲ್ಲು ಹೋಗಿ ವಿಗ್ರಹ ಬಂದಾಗ, ಹೊಸ ವಿಧಿವಿಧಾನಗಳೊಡನೆ ಹೊಸ ಅರ್ಚಕರೂ ಬರುವುದುಂಟು. ಹಳೆಯ ಪೂಜಾರಿ ಪ್ರೇಕ್ಷಕನಾಗುತ್ತಾನೆ. ಅವನ ಮಗನಿಗೆ ಕಥೆ ಕೇಳುವ ಕಾರಣ ಉಳಿಯುವುದಿಲ್ಲ. ಗುಡಿ ಎತ್ತರವಾದಷ್ಟೂ ನೆನಪು ತಗ್ಗುತ್ತದೆ.

ಈ ವಾದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ವಯಸ್ಸಾದವರು, ಹೆಂಗಸರು ಮಳೆಗಾಲದಲ್ಲಿ ಹರಕೆ ಸಲ್ಲಿಸಲು ಒಂದು ಸೂರು ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸೂರು ಬೇಕಾದರೆ ಅದನ್ನು ಕಾನಿನ ಅಂಚಿನಲ್ಲಿ, ಹೆಂಚು, ಮರ ಬಳಸಿ ಕಟ್ಟಲು ಅಡ್ಡಿಯಿಲ್ಲ. ಒಳಕ್ಕೆ ಕಾಲುದಾರಿ ಸಾಕು. ಹಳೆಯ ಆಚರಣೆಗಳೆಲ್ಲ ಒಳ್ಳೆಯವೇ ಎಂಬುದು ಇನ್ನೊಂದು ಪ್ರಶ್ನೆ. ಜಾತಿಯ ಕಾರಣಕ್ಕೆ ಕೆಲವರನ್ನು ದೂರವಿಟ್ಟ ಕಟ್ಟಳೆ ಎಲ್ಲಿಯೇ ಇದ್ದರೂ ಅದನ್ನು ಪರಂಪರೆಯ ಹೆಸರಿನಲ್ಲಿ ಕಾಪಾಡಬೇಕಾಗಿಲ್ಲ. ಬದಲಾಗಬೇಕಾದುದು ಬದಲಾಗಲಿ, ಮರ ಉಳಿಯಲಿ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು. ‘ಪರಂಪರೆ’ ಎಂದು ಘೋಷಣೆಯಾದೊಡನೆ ಇಲಾಖೆ ಬೇಲಿ ಹಾಕೀತು, ಉಪ್ಪಾಗೆ, ಜೇನು ತರುವ ಹಕ್ಕೂ ಹೋದೀತು ಎಂಬ ಭಯ ಜನರಲ್ಲಿದೆ. 2012ರ ಘೋಷಣೆಯ ಮುಂಚೆ ಮಲೆನಾಡಿನಲ್ಲಿ ಎದ್ದ ವಿರೋಧಕ್ಕೆ ಈ ಭಯವೂ ಒಂದು ಕಾರಣ. ಊರವರನ್ನು ಹೊರಗಿಟ್ಟು ಕಾನು ಉಳಿಸಹೊರಟರೆ, ಬ್ರಿಟಿಷರ ಕಾಲದ ತಪ್ಪೇ ಮರುಕಳಿಸಿದಂತೆ.

ದಾರಿಗಳು ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಜೀವವೈವಿಧ್ಯ ಪಾರಂಪರಿಕ ತಾಣಗಳನ್ನು ಘೋಷಿಸಲು ರಾಜ್ಯಕ್ಕೆ ಅವಕಾಶ ಕೊಟ್ಟಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಅಂಥ ತಾಣವಾಯಿತು. ಸಾಗರ ತಾಲ್ಲೂಕಿನ ಅಂಬಾರಗುಡ್ಡವೂ ಆ ಪಟ್ಟಿಯಲ್ಲಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಸಾಂಪ್ರದಾಯಿಕವಾಗಿ ಕಾಪಾಡಿಕೊಂಡು ಬಂದ ಸಮುದಾಯ ಅರಣ್ಯವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಗುರುತಿಸಿದೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್, ರಾಜಸ್ಥಾನದ ‘ಓರಣ’ಗಳೆಂಬ ದೇವರಕಾಡುಗಳ ವಿಷಯದಲ್ಲಿ ತೀರ್ಪು ನೀಡುತ್ತ, ಅವುಗಳನ್ನು ಗುರುತಿಸಿ ನಕ್ಷೆ ಮಾಡಬೇಕೆಂದು ಆದೇಶಿಸಿತು, ದೇವರಕಾಡುಗಳ ರಕ್ಷಣೆಗೆ ದೇಶವ್ಯಾಪಿ ನೀತಿ ರೂಪುಗೊಳ್ಳಬೇಕೆಂದು ಕೇಂದ್ರಕ್ಕೆ ಸಲಹೆ ಮಾಡಿತು. ಕರ್ನಾಟಕವು ಆದೇಶ ತನ್ನ ಬಾಗಿಲಿಗೆ ಬರಲೆಂದು ಕಾಯಬೇಕಾದ ಅಗತ್ಯವಿಲ್ಲ.

ಆದರೆ ಕಾಯಿದೆಗಿಂತ ಮೊದಲು ಆಗಬೇಕಾದುದು ಊರಿನ ಮಟ್ಟದಲ್ಲಿದೆ. ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯು ತನ್ನ ದಾಖಲಾತಿಯಲ್ಲಿ ಕಾನಿಗೆಂದೇ ಒಂದು ಅಧ್ಯಾಯ ತೆರೆಯಬೇಕು. ಗಡಿ, ಮರ, ನೀರಿನ ಕಣ್ಣು, ಕಲ್ಲು, ದೇವರ ಹೆಸರು, ಪೂಜೆ ಮಾಡುವ ಮನೆತನ, ಕಟ್ಟಳೆ, ಕಥೆ ಇವೆಲ್ಲ ಒಂದೇ ಪುಸ್ತಕದಲ್ಲಿ ಬರಬೇಕು. ಯಾವುದೇ ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಇದ್ದ ಸ್ಥಿತಿಯ ಚಿತ್ರ ತೆಗೆದಿಡಬೇಕು. ಹಳೆಯ ಕಲ್ಲು ಸ್ಥಳ ಬಿಟ್ಟು ಕದಲಬಾರದು. ಕಾನಿನ ಗಡಿಯೊಳಗೆ ಸಿಮೆಂಟು, ಯಂತ್ರ ಬೇಡವೆಂದು ಗ್ರಾಮಸಭೆ ನಿರ್ಣಯಿಸಬಹುದು. ಕೃಷಿ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು ಕಾನಿನ ಮೆಣಸಿನ ಬಳ್ಳಿಗಳನ್ನು ಕಾನಿನಲ್ಲಿಯೇ ಉಳಿಸುವಂತೆ ರೈತರಿಗೆ ನೆರವಾಗಬಹುದು. ಹತ್ತಿರದ ಶಾಲೆಯ ಮಕ್ಕಳು ವರ್ಷಕ್ಕೊಂದು ದಿನ ಹಳೆಯ ಪೂಜಾರಿಯೊಡನೆ ಕಾನು ಸುತ್ತಿ ಬಂದರೆ ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠವಿಲ್ಲ.

ಹಂಪಿಯ ಕಂಬ ಮುರಿದರೆ ಜೋಡಿಸಬಲ್ಲ ಶಿಲ್ಪಿಗಳಿದ್ದಾರೆ. ಕಾನಿನ ಹೆಮ್ಮರ ಉರುಳಿದರೆ ಅದರ ಜಾಗದಲ್ಲಿ ಮತ್ತೊಂದು ಏಳಲು ಮೂರು ನಾಲ್ಕು ತಲೆಮಾರು ಬೇಕು. ನೆಲ ಬಿಸಿಲಿಗೆ ಒಣಗಿ ಕಣ್ಣು ಮುಚ್ಚಿದ ಒರತೆ ಮರಳುತ್ತದೆಂಬ ಭರವಸೆಯಿಲ್ಲ. ಮುಂದಿನ ಸಲ ಜೀರ್ಣೋದ್ಧಾರ ಸಮಿತಿಯ ಸಭೆ ಸೇರಿದಾಗ, ಅಂದಾಜು ಪಟ್ಟಿ ಓದುವುದಕ್ಕೆ ಮೊದಲು ಎಲ್ಲರೂ ಒಮ್ಮೆ ಕಾನಿನೊಳಕ್ಕೆ ನಡೆದುಹೋಗಲಿ. ಹಿರಿಯರು ಗುಡಿ ಕಟ್ಟದೆ ಬಿಟ್ಟದ್ದು ಕೈಲಾಗದೆ ಅಲ್ಲ. ಗುಡಿ ಅದಾಗಲೇ ಅಲ್ಲಿತ್ತು ಎಂಬ ಕಾರಣಕ್ಕೆ.